ಮಲಗಬಾರದ ಅತಿಥಿಗೃಹ

ಮಲಗಲು ಬಂದವರನ್ನು ಭೋಂಗಾ ಊದಿ ಎಬ್ಬಿಸುವ ಅತಿಥಿಗೃಹ ಈ ಭೂಮಂಡಲದಲ್ಲಿ ಒಂದೇ ಒಂದಿತ್ತು. ಅದರ ಮಾಲೀಕರು ನನ್ನ ಕಾಕಾ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಇನ್ನೂ ಇತ್ಯರ್ಥವಾಗಿಲ್ಲ.

ಕುಷ್ಟಗಿಯಿಂದ ಹನುಮಸಾಗರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಹತ್ತಿ ಗಿರಣಿ ಇತ್ತು. ಹತ್ತಿಯಿಂದ ಕಾಳು ಬೇರ್ಪಡಿಸಿ ಅರಳೆ ಮಾಡುವ ಗಿರಣಿ. ಕಲ್ಲಿನ ಗೋಡೆ, ತಗಡಿನ ಚಾವಣಿ, ಒಳಗೆ ಸಾಲಾಗಿ ಎಂಟು ಯಂತ್ರ. ಅಜ್ಜ ತೀರಿಕೊಂಡ ಮೇಲೆ ಯಂತ್ರಗಳೂ ನಿಂತವು. ಎಂಬತ್ತರ ದಶಕದ ಆರಂಭದಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅಪ್ಪ, ಯಂತ್ರಗಳನ್ನು ಗುಜರಿಗೆ ಹಾಕಿ ಕಟ್ಟಡ ಕೆಡವುವ ಮಾತೆತ್ತಿದರು. ಅವರ ತಮ್ಮನಾದ ಕಾಕಾ ತಾಟು ಬಿಟ್ಟು ಎದ್ದರು.

"ಅಣ್ಣಾ, ನಾ ಅದನ್ನ ಗೆಸ್ಟ್ ಹೌಸ್ ಮಾಡ್ತೇನಿ. ಬಾದಾಮಿ ನೋಡಿ ಹಂಪಿಗೆ ಹೋಗೋ ಮಂದಿ ಕುಷ್ಟಗಿ ಮ್ಯಾಲs ಹಾಯ್ದು ಹೋಗ್ತಾರ. ಒಂದಿನ ಹಳ್ಳಿ ಗಾಳಿಗೆ ಮಲಗಿ ಹೋಗ್ಲಿ."

"ಗಿರಣ್ಯಾಗ ಯಾರು ಮಲಗ್ತಾರೋ ತಮ್ಮಾ? ಹುಚ್ಚು ಹಿಡದೈತೇನು?"

"ಹತ್ತು ಮಂದಿ ಮಲಗಿದ್ರ?"

ಅಪ್ಪ ನಕ್ಕರು. "ಯುಗಾದಿಯೊಳಗ ಹತ್ತು ಮಂದಿ ಅಲ್ಲಿ ಕಣ್ತುಂಬ ನಿದ್ದಿ ಮಾಡಿದ್ರ ನಾ ಗಿರಣಿ ಮುಟ್ಟಂಗಿಲ್ಲ. ಒಂದು ತಲಿ ಕಮ್ಮಿ ಆದ್ರೂ ಗುಜರಿಯವನು ಬರ್ತಾನ, ನೋಡು!"

ಈ ಪಂದ್ಯದ ಪಂಚಾಯ್ತಿ ಮಾಡಲು ನಾನು. ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿದ್ದೆ. "ಇಕಿ ಸುಳ್ಳು ಬರಿಯಂಗಿಲ್ಲ" ಎಂದು ಅಪ್ಪ ಒಪ್ಪಿದರು. "ಇಕಿ ಹೆಚ್ಚು ಮಾತಾಡಂಗಿಲ್ಲ" ಎಂದು ಕಾಕಾ ಒಪ್ಪಿದರು. ನಾನು ಒಂದು ಪುಸ್ತಕಕ್ಕೆ ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ: ಹೆಸರು, ಊರು, ಮಲಗಿದ ವೇಳೆ, ಎದ್ದ ವೇಳೆ.

ಕಾಕಾ ಯಂತ್ರಗಳ ತುಕ್ಕು ಕೆರೆಸಿ ಹಸಿರು ಬಣ್ಣ ಬಳಿಸಿದರು. ಪ್ರತಿ ಯಂತ್ರದ ಪಕ್ಕ ಒಂದು ಮಂಚ. ಅಷ್ಟಕ್ಕೇ ನಿಂತಿದ್ದರೆ ಅವರು ನನ್ನ ಕಾಕಾ ಹೇಗಾಗುತ್ತಿದ್ದರು? ಅಜ್ಜನ ಕಾಲದ ಬೋರ್ಡುಗಳನ್ನೂ ಒರೆಸಿ, ಅಕ್ಷರ ತಿದ್ದಿಸಿ, ಇದ್ದಲ್ಲೇ ಉಳಿಸಿದರು. ಬಾಗಿಲಲ್ಲಿ "ಬೀಡಿ ಸೇದಬಾರದು." ಸರಿ. ಒಳಗೆ "ಮಾತು ಕಡಿಮೆ, ಕೆಲಸ ಹೆಚ್ಚು." ಇರಲಿ. ಆದರೆ ಸರಿಯಾಗಿ ಮಂಚಗಳ ನೆತ್ತಿಯ ಮೇಲೆ, ಮೊಳದುದ್ದದ ಅಕ್ಷರದಲ್ಲಿ: "ಇಲ್ಲಿ ಮಲಗಬಾರದು"!

"ಕಾಕಾ, ಅದೊಂದು ಬೋರ್ಡ್ ತಗೀರಿ" ಎಂದೆ.

"ಅದು ಇರ್ಲಿ ಬಿಡವ್ವಾ" ಎಂದು ಅವರು ಆ ಕಡೆ ಮುಖ ತಿರುಗಿಸಿದರು. ಹತ್ತು ಮಾತಾಡುವ ಮನುಷ್ಯ ಒಂದೇ ಮಾತಾಡಿದ್ದು ನನಗೆ ವಿಚಿತ್ರವೆನಿಸಿತು.

ಇನ್ನು ಭೋಂಗಾ, ಅಂದರೆ ಗಿರಣಿಯ ಸೈರನ್. ಗಿರಣಿ ನಿಂತ ಮೇಲೂ ಕಾಕಾ ಕೈಯಿಂದ ತಿರುವುವ ಭೋಂಗಾ ಒಂದನ್ನು ತಂದು, ಮುಂಜಾನೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದಕ್ಕೆ ತಪ್ಪದೆ ಊದುತ್ತಿದ್ದರು. ಕೆಲಸವಿಲ್ಲದ ಗಿರಣಿಗೆ ಪಾಳಿಯ ಹೊತ್ತು ಯಾಕೆ? ಊರು ಕೇಳಲಿಲ್ಲ. ಊರಿನ ರೊಟ್ಟಿ ಹಂಚು ಒಲೆಗೇರುತ್ತಿದ್ದದ್ದು, ಸಾಲಿ ಬಿಡುತ್ತಿದ್ದದ್ದು, ಹೆಡ್‌ಮಾಸ್ತರರು ಕೈಗಡಿಯಾರ ತಿದ್ದಿಕೊಳ್ಳುತ್ತಿದ್ದದ್ದು ಅದರ ಮೇಲೆಯೇ. ಕಾಕಾನ ಸ್ವಂತ ಮದುವೆಯಲ್ಲೂ ಅಕ್ಷತೆ ಬಿದ್ದ ಕೂಡಲೇ ವರ ನಾಪತ್ತೆ! ಹನ್ನೆರಡು ಹೊಡೆದಿತ್ತು.

ಮೊದಲ ಅತಿಥಿ ಸಾಲಿ ಇನ್ಸ್‌ಪೆಕ್ಟರರೊಬ್ಬರು. ಮುಂಜಾನೆ ನೋಡಿದರೆ ಮಂಚದ ತುದಿಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ನೆಟ್ಟಗೆ ಕೂತಿದ್ದಾರೆ.

"ನಿದ್ದಿ ಆತೇನ್ರಿ ಸಾಹೇಬ್ರ?" ಎಂದು ಕಾಕಾ ಕೈಮುಗಿದರು.

"ಹೆಂಗ ಮಲಗ್ಲಿ? ಹಾಸಿಗ್ಯಾಗ ಏನೋ ಚುಚ್ಚತೈತಿ. ಮ್ಯಾಲ ನೋಡಿದ್ರ ಮಲಗಬಾರದು ಅಂತ ಬರದೈತಿ. ನಾ ಸರಕಾರಿ ಮನುಷ್ಯ ನೋಡ್ರಿ, ಬೋರ್ಡಿನ ಪ್ರಕಾರ ನಡಕೊಂಡೆ!"

ಪುಸ್ತಕದಲ್ಲಿ ಸೊನ್ನೆ ಬರೆದೆ. ಹಾಸಿಗೆ ಬಿಚ್ಚಿ ನೋಡಿದರೆ ಒಳಗಿದ್ದದ್ದು ಅರಳೆಯಲ್ಲ, ಕಾಳು ಸಮೇತ ಹತ್ತಿ! ಗೋದಾಮಿನಲ್ಲಿ ಉಳಿದಿದ್ದ ಹತ್ತಿಯನ್ನು ಕಾಕಾ ಹಾಗೆಯೇ ತುಂಬಿಸಿಬಿಟ್ಟಿದ್ದರು. ಮೂರು ತಾಲೂಕಿನ ಹತ್ತಿಯ ಕಾಳು ತೆಗೆದ ಮನೆತನ ನಮ್ಮದು. ನಮ್ಮ ಹಾಸಿಗೆಯಲ್ಲೇ ಕಾಳು!

"ಎಂಟು ಯಂತ್ರ ನಿಂತಾವಲ್ಲ ಕಾಕಾ, ಅದರಾಗs ಕಾಳು ತಗಸಬಾರದೇನು?"

"ಬಣ್ಣ ಹಚ್ಚಿಸೇನಿ ತಂಗಿ. ಹೊಲಸ ಆಗ್ತಾವ."

ಹೀಗಾಗಿ ಕೈಯಿಂದ ಕಾಳು ಬಿಡಿಸಲು ದ್ಯಾಮವ್ವ ಬಂದಳು. ಹಿಂದೆ ಇದೇ ಗಿರಣಿಯಲ್ಲಿ ಕೂಲಿಗಿದ್ದವಳು. ಈಗ ಎಪ್ಪತ್ತರ ಹತ್ತಿರದ ಮುದುಕಿ. ಅವಳನ್ನು ಕರೆಯಲು ಕಾಕಾ ತಾವೇ ಹೋಗಿದ್ದರು. ಬಾಗಿಲಲ್ಲೇ ನಿಂತು ಅವಳು ಮಂಚಗಳ ಮೇಲಿನ ಬೋರ್ಡು ನೋಡಿ ಕಾಕಾನತ್ತ ತಿರುಗಿದಳು.

"ಇನ್ನೂ ಐತೇನು ಇದು? ನಿಮ್ಮಪ್ಪ ನನ್ನ ಸಲುವಾಗಿ ಬರಸಿದ ಬೋರ್ಡು!"

ಕಾಕಾ ಏನೋ ನೆನಪಾದವರಂತೆ ಹೊರಗೆ ಹೋದರು. ದ್ಯಾಮವ್ವ ಕಾಳು ಬಿಡಿಸುತ್ತ ನನಗೆ ಹೇಳಿದಳು. "ಆಗ ನನ್ನ ಮಡಿಲಾಗ ಎಳೀ ಕೂಸು ಇತ್ತವ್ವಾ. ರಾತ್ರಿ ಮಲಗಾಕ ಬಿಡ್ತಿದ್ದಿಲ್ಲ. ಒಂದಿನ ಮಧ್ಯಾಹ್ನ ಅರಳಿ ರಾಶಿ ಮ್ಯಾಲ ಹಿಂಗ ತಲಿ ಇಟ್ಟೆ ನೋಡು, ನಿದ್ದಿ ಹತ್ತಿಬಿಡ್ತು. ಅವತ್ತs ಹೊರಗ ಹಾಕಿದ್ರು." ಅದನ್ನು ಬೇರೆ ಯಾರದೋ ಕಥೆಯೆಂಬಂತೆ ಹೇಳಿ, "ಏ ತಂಗಿ, ಚಾ ಮಾಡ್ಕೊಂಬಾ, ಸಕ್ರಿ ಜಾಸ್ತಿ ಹಾಕು" ಎಂದಳು.

ಒಂದೊಂದೇ ಹಾಸಿಗೆ ಮೆತ್ತಗಾಯಿತು. ಒಂದೊಂದೇ ಹೆಸರು ಪುಸ್ತಕಕ್ಕೆ ಬಂತು. ಕುಷ್ಟಗಿಯಲ್ಲಿ ಬಸ್ಸು ಕೆಟ್ಟು ನಿಂತ ಫಾರಿನ್ ದಂಪತಿ ಗಡದ್ದಾಗಿ ನಿದ್ದೆ ಮಾಡಿದರು. ಮುಂಜಾನೆ ಆರಕ್ಕೆ ಭೋಂಗಾ ಕೂಗಿದಾಗ ಇದು ನಮ್ಮ ಪ್ರಾರ್ಥನೆಯೆಂದು ತಿಳಿದು, ಇಬ್ಬರೂ ಎದ್ದು ಕಾಕಾನ ಎದುರು ಕಣ್ಮುಚ್ಚಿ ಕೈಮುಗಿದು ನಿಂತರು. ಕಾಕಾ ಆಶೀರ್ವಾದ ಮಾಡಿಯೂ ಬಿಟ್ಟರು!

ಯುಗಾದಿಯ ಹಿಂದಿನ ದಿನ ಪುಸ್ತಕದಲ್ಲಿ ಒಂಬತ್ತು ಹೆಸರು. ಕಾಕಾ ರಸ್ತೆಯಲ್ಲಿ ನಿಂತು ಸಿಕ್ಕವರನ್ನೆಲ್ಲ "ಮಲಗ್ತೀರೇನ್ರಿ?" ಎಂದು ಕೇಳಿದರು. ಜನ ಸೈಕಲ್ ಜೋರು ತುಳಿದರು. ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ತೋರಿಸಿ, "ಇದನ್ನ ಬರಕೋ ತಂಗಿ" ಎಂದರು. "ಊರು ಯಾವುದು ಅಂತ ಬರೀಲಿ?" ಎಂದೆ.

ನಾಲ್ಕೂವರೆಗೆ ಅಪ್ಪ ಗುಜರಿಯವನ ಜೊತೆ ಬಂದರು. ಅವನು ಹೊರಗಿನ ಕಬ್ಬಿಣದ ಗಾಲಿಗಳನ್ನು ಬಡಿದು ನೋಡತೊಡಗಿದ. ಕಾಕಾ ಐದಾಗುತ್ತಲೇ ಭೋಂಗಾದತ್ತ ನಡೆದರು. ಕೊನೆಯ ಸಲವೆಂಬಂತೆ ಹಿಡಿಕೆಗೆ ಕೈ ಹಾಕಿದವರು ಕಿಟಕಿಯಿಂದ ಒಳಗೆ ನೋಡಿ ಹಾಗೆಯೇ ನಿಂತರು.

ಎಂಟನೆಯ ಹಾಸಿಗೆ ಮುಗಿಸಿದ ದ್ಯಾಮವ್ವ, ಮೆತ್ತಗಾಗಿದೆಯೇ ಎಂದು ನೋಡಲು ಅಡ್ಡಾಗಿದ್ದಳು. ಅಲ್ಲೇ ನಿದ್ದೆ ಹೋಗಿದ್ದಳು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ, ನೆತ್ತಿಯ ಮೇಲೆ ಆ ಬೋರ್ಡು ಹೊತ್ತು.

ಕಾಕಾ ಹಿಡಿಕೆಯಿಂದ ಕೈ ತೆಗೆದರು. ಒಳಗೆ ಹೋಗಿ, ಸ್ಟೂಲ್ ಹತ್ತಿ, ಹೆಗಲ ಮೇಲಿನ ಟವೆಲನ್ನು ಬೋರ್ಡಿಗೆ ಹೊದಿಸಿದರು. ಇಳಿದು ಬಂದು, ನನ್ನ ಮುಖ ನೋಡದೆ ಹೇಳಿದರು: "ಅವತ್ತು ಇಕಿ ಮಲಗ್ಯಾಳಂತ ಅಪ್ಪಗ ಓಡಿಹೋಗಿ ಹೇಳಿದವ ನಾನs, ತಂಗಿ. ಎಂಟು ವರ್ಷದವಿದ್ದೆ. ಶಾಣ್ಯಾ ಅಂತ ಬೆನ್ನು ಚಪ್ಪರಿಸಿದ್ರು."

"ಹಗಲು ನಿದ್ದಿ ಲೆಕ್ಕಕ್ಕ ಬರ್ತೈತೇನ್ರಿ?" ಎಂದ ಗುಜರಿಯವನು.

"ಸಾವಕಾಶ ಮಾತಾಡೋ!" ಎಂದು ಅಪ್ಪ ಪಿಸುಗುಟ್ಟಿದರು. "ರಾತ್ರಿನs ಮಲಗಬೇಕು ಅಂತ ನಾ ಹೇಳಿದ್ನೇನು?"

ಅಷ್ಟರಲ್ಲಿ ಊರಿನ ಅರ್ಧ ಮಂದಿ ಗಾಬರಿಯಿಂದ ಓಡಿ ಬಂದರು. ಭೋಂಗಾ ಆಗಲಿಲ್ಲವೆಂದರೆ ಕಾಕಾ ಸತ್ತರೆಂದೇ ಅವರ ಲೆಕ್ಕ! ಒಬ್ಬಳಂತೂ ಅರ್ಧ ದಾರಿಯಿಂದಲೇ ಅಳು ಶುರು ಮಾಡಿದ್ದಳು. ಸತ್ತ ಮನುಷ್ಯ ಗೇಟಿನಲ್ಲಿ ನಿಂತು, ತುಟಿಯ ಮೇಲೆ ಬೆರಳಿಟ್ಟು, ಎಲ್ಲರನ್ನೂ ಸುಮ್ಮನಿರಿಸಿದರು.

ಅಪ್ಪ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹತ್ತನೆಯ ಹೆಸರನ್ನು ತಾವೇ ಬರೆದರು. ಎದ್ದ ವೇಳೆ ಬರೆಯಲು ನಾನು ಪೆನ್ನು ಹಿಡಿದು ಕಾದೆ. ದೀಪ ಹಚ್ಚುವ ಹೊತ್ತಾಯಿತು. ಅವಳ ಗೊರಕೆ ಇನ್ನೂ ನಿಂತಿರಲಿಲ್ಲ. ಯಾರೂ ಎಬ್ಬಿಸಲಿಲ್ಲ.