ಗೋರಿಗೆ ಸಾಲದ ಚಾದರ

ಇಸ್ತ್ರಿಪೆಟ್ಟಿಗೆಯ ಅಡಿಗೆ ಸಿಕ್ಕಿ ಟೇಪಿನ ತುದಿ ಅರ್ಧ ಗೇಣಿನಷ್ಟು ಸುಟ್ಟಿತ್ತು. ದರ್ಜಿ ಅದನ್ನು ಕತ್ತರಿಸಿ ಎಸೆದ. ಆಮೇಲೆ ಕತ್ತರಿಸಿದ್ದನ್ನೇ ಮರೆತ. ಅಲ್ಲಿಂದ ಶುರುವಾಯಿತು ಗ್ರಹಚಾರ.

ಊರವರು ಹಜರತ್ ಎನ್ನುವ ಪೀರರ ಗೋರಿಗೆ ಉರುಸಿನ ದಿನ ಹೊದಿಸುವ ಹಸಿರು ಚಾದರ ಹೊಲಿಯುವುದು ಅಜ್ಜನ ಕಾಲದಿಂದ ಅವನ ಮನೆಯ ಹಕ್ಕು. ಅಳತೆ ಬಾಯಿಪಾಠ: ಉದ್ದಕ್ಕೆ ಎರಡು ಟೇಪು, ಮೇಲೊಂದು ಗೇಣು. ಈ ಸಲ ಉರುಸಿನ ಬೆಳಿಗ್ಗೆಯೇ ಜರಿ ಅಂಚು ಮುಗಿಸಿ ಮಡಿಸುವಾಗ ಏನೋ ಅನುಮಾನ ಬಂತು. ಹಳೆಯ ಚಾದರವನ್ನು ತೆಗೆದು ಪಕ್ಕದಲ್ಲಿ ಹಾಸಿದ. ಹೊಸದು ಒಂದು ಗೇಣು ಗಿಡ್ಡ. ಟೇಪು ಎರಡು ಸಲ ಹಾಸಿದ್ದರಿಂದ ಅರ್ಧ ಗೇಣು ಎರಡು ಸಲ ಕಳೆದಿತ್ತು.

ಹೋದ ವರ್ಷ ಅಂಚು ಬಿಚ್ಚಿಕೊಂಡಾಗಲೇ ದರ್ಗಾದ ಮುಜಾವರರು ಹೇಳಿದ್ದರು: "ನಿಮ್ಮಪ್ಪನ ಮುಖ ನೋಡಿ ಸುಮ್ಮನಿದ್ದೀನಿ. ಇನ್ನೊಂದು ತಪ್ಪಾದ್ರೆ ಪೇಟೆ ಅಂಗಡಿಗೆ ಕೊಟ್ಟುಬಿಡ್ತೀನಿ." ಅದಕ್ಕಿಂತ ಹೆಚ್ಚಾಗಿ, ಪೀರರ ಪಾದದ ಕಡೆ ಬರೀ ಕಲ್ಲು ಕಾಣುವುದನ್ನು ನೆನೆಸಿಕೊಂಡೇ ಅವನಿಗೆ ಕಣ್ಣು ಕತ್ತಲೆ ಬಂತು.

"ಉಳಿದ ಬಟ್ಟೆ ಇದೆಯಲ್ಲ, ಸೇರಿಸಿ" ಎಂದಳು ಹೆಂಡತಿ.

"ಅದನ್ನ ನಿನ್ನೆ ಪಕ್ಕದ ಮನೆ ಖಾಲಾ ಬರ್ಕತ್ತಿಗೆ, ಪೀರರ ಆಶೀರ್ವಾದ ಇರ್ಲಿ ಅಂತ ಇಸ್ಕೊಂಡು ಹೋದ್ರು."

"ಹಂಗಾದ್ರೆ ಕೇಳಿ ತನ್ನಿ. ಯಾಕೆ ಅಂತ ಮಾತ್ರ ಹೇಳಬೇಡಿ. ಅವರ ಕಿವಿಗೆ ಬಿದ್ದದ್ದು ಮಸೀದಿ ಮೈಕಿಗಿಂತ ದೂರ ಹೋಗುತ್ತೆ."

ಖಾಲಾ ಬಾಗಿಲಲ್ಲೇ ಕೂತಿದ್ದರು.

"ಖಾಲಾ, ಆ ತುಂಡು ಬಟ್ಟೆ... ಒಂದ್ಸಲ ನೋಡಬೇಕಿತ್ತು."

"ಕೊಟ್ಟೋನು ನೀನೇ, ಆಗ ನೋಡಿರಲಿಲ್ವಾ?"

"ಬಣ್ಣ ಹೋಗುತ್ತೇನೋ ಅಂತ..."

"ಹೋಗಲ್ಲ ಬಿಡು. ತಾಯತಕ್ಕೆ ಹೊಲಿದು ಬೀದಿಗೆಲ್ಲ ಹಂಚಿಬಿಟ್ಟೆ. ಏನಪ್ಪ ಹಿಂಗೆ ಬೆವರ್ತಾ ಇದ್ದೀಯ? ನಿನಗೂ ಒಂದು ಕಟ್ಟಲಾ?"

ಬೀದಿಯಲ್ಲಿ ಎದುರಾದವರ ಕೊರಳಲ್ಲೆಲ್ಲ ತನ್ನ ಗೇಣು ಬಟ್ಟೆ ಚೂರುಚೂರಾಗಿ ನೇತಾಡುವುದನ್ನು ನೋಡುತ್ತ ದರ್ಜಿ ಹಿಂದಿರುಗಿದ. ದಾರಿಯಲ್ಲಿ ಕ್ಷೌರಿಕ ಹಿಡಿದುಕೊಂಡ. ಅವನ ಮುಂದೆ ಮುಖದ ವಿಷಯ ಮುಚ್ಚಿಡುವುದು ಯಾರಿಂದಲೂ ಆಗದು. ಆಣೆ ಹಾಕಿಸಿಕೊಂಡು ದರ್ಜಿ ಎಲ್ಲ ಹೇಳಿದ.

"ಇಷ್ಟೇನಾ? ನೀರು ಚಿಮುಕಿಸಿ ಎಳೆದ್ರೆ ಬಟ್ಟೆ ಬರುತ್ತೆ, ಬಾ."

ಅಂಗಡಿಯ ಬಾಗಿಲು ಹಾಕಿಕೊಂಡು ಇಬ್ಬರೂ ಎರಡು ಕಡೆ ಹಿಡಿದು, ಒಂದೇ ಮೂಳೆಗೆ ಬಾಯಿ ಹಾಕಿದ ನಾಯಿಗಳಂತೆ ಎಳೆದರು. ಚರ್ರ್ ಎಂದು ಜರಿ ಅಂಚು ಕಿತ್ತುಬಂತು. ಬಟ್ಟೆ ಮಾತ್ರ ಬೆರಳಷ್ಟೂ ಬರಲಿಲ್ಲ.

"ಒಳ್ಳೆ ಬಟ್ಟೆ ತಂದಿದ್ದೀಯ" ಎಂದು ಮೆಚ್ಚಿ ಕ್ಷೌರಿಕ ಗಿರಾಕಿ ನೋಡಲು ಹೊರಟುಹೋದ.

ದರ್ಜಿ ಅಂಚನ್ನು ಮತ್ತೆ ಹೊಲಿದು ಮುಗಿಸುವಷ್ಟರಲ್ಲಿ ಮೆರವಣಿಗೆ ಬಾಗಿಲಿಗೇ ಬಂತು. ಚಾದರದ ತಟ್ಟೆಯನ್ನು ಅವನ ತಲೆಯ ಮೇಲೇ ಇಟ್ಟರು.

"ಚಾಚಾ, ಒಂದು ಮಾತು" ಎಂದ ಅವನು ಮುಜಾವರರಿಗೆ.

"ಆಮೇಲೆ. ಚಾದರ ಹೊತ್ತಾಗ ಮಾತಾಡಬಾರದು."

ಗೋರಿಯ ತಲೆಯ ಕಡೆಯಿಂದ ಚಾದರ ಬಿಚ್ಚುತ್ತ ಬಂದರು. ಕಾಲಿನ ಕಡೆಯ ಅಂಚು ದರ್ಜಿಯ ಕೈಯಲ್ಲಿತ್ತು. ಚಾದರ ಮುಗಿಯಿತು, ಗೋರಿ ಮುಗಿಯಲಿಲ್ಲ. ಒಂದು ಗೇಣು ಕಲ್ಲು ಬೆತ್ತಲೆಯಾಗಿ ನಿಂತಿತು. ಮುಜಾವರರು ನಿಧಾನವಾಗಿ ದರ್ಜಿಯ ಕಡೆ ತಿರುಗಿದರು.

ಆಗ ಖಾಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು: "ಹಜರತ್ ಬೆಳೆದಿದ್ದಾರೆ."

ಮಾತು ಒಣಹುಲ್ಲಿಗೆ ಬಿದ್ದ ಕಿಡಿಯಂತೆ ಹಬ್ಬಿತು. ಕ್ಷೌರಿಕನೂ ಕೈ ಎತ್ತಿ ಕಣ್ಣು ಮುಚ್ಚಿದ.

"ಇಲ್ಲ," ಎಂದ ದರ್ಜಿ. ಹಕ್ಕು ಹೋದರೆ ಹೋಗಲಿ, ಪೀರರ ಎದುರು ನಿಂತು ಸುಳ್ಳನ್ನು ನುಂಗುವುದು ಅವನಿಂದಾಗಲಿಲ್ಲ. "ತಪ್ಪು ನಂದು. ಟೇಪು ಸುಟ್ಟಿತ್ತು."

"ಟೇಪು ಎಲ್ಲಿ?" ಎಂದರು ಮುಜಾವರರು.

ಅದು ಅವನ ಕೊರಳಲ್ಲೇ ಇತ್ತು. ಮುಜಾವರರು ಎಲ್ಲರೆದುರೇ ಅದರಿಂದ ಗೋರಿಯನ್ನು ಅಳೆದರು. ಎರಡು ಟೇಪು, ಮೇಲೆ ಎರಡು ಗೇಣು.

"ನಿಮ್ಮಜ್ಜನ ಅಳತೆ ಎಷ್ಟು?"

"ಎರಡು ಟೇಪು, ಒಂದು ಗೇಣು. ಆದ್ರೆ ಚಾಚಾ, ಟೇಪು ಸುಟ್ಟು..."

"ಸುಟ್ಟದ್ದು ಟೇಪು, ಬೆಳೆದದ್ದು ಗೋರಿ" ಎಂದರು ಖಾಲಾ. "ಅದಕ್ಕೂ ಇದಕ್ಕೂ ಏನಪ್ಪ ಸಂಬಂಧ?"

"ನಾನು ನಿನ್ನೆ ಟೇಪನ್ನ ಕತ್ತರಿಸಿದ್ದೆ, ಅದಕ್ಕೇ..."

"ನೋಡ್ರಿ, ಎಂಥ ವಿನಯ" ಎಂದ ಯಾರೋ. "ಇಂಥವರ ಕೈಗೇ ಹಜರತ್ ಒಲಿಯೋದು."

ಜನ ಅವನ ಕೈ ಕಣ್ಣಿಗೊತ್ತಿಕೊಳ್ಳತೊಡಗಿದರು. ಅವನು ಹೌದೆಂದರೆ ಪವಾಡ, ಇಲ್ಲವೆಂದರೆ ಇನ್ನೂ ದೊಡ್ಡ ಪವಾಡ.

ಗದ್ದಲ ಕರಗಿದ ಮೇಲೆ ಮುಜಾವರರು ಅವನನ್ನು ಕಂಬದ ಮರೆಗೆ ಕರೆದರು. ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಇನ್ನು ಮೇಲೆ ಚಾದರ ನಿಮ್ಮ ಮನೆಯದೇ. ಪೇಟೆ ಅಂಗಡಿ ಮಾತೇ ಇಲ್ಲ."

ದರ್ಜಿಗೆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಪೂರ್ತಿ ಬಂತು.

"ಮುಂದಿನ ಉರುಸಿಗೆ ಎಂಟು ಊರಿನವರು ಬರ್ತಾರಂತೆ, ಈಗಲೇ ಸುದ್ದಿ ಹೋಗಿದೆ" ಎಂದರು ಅವರು, ಅವನ ಭುಜ ತಟ್ಟುತ್ತ. "ನಿಮ್ಮಜ್ಜ ದರ್ಗಾಕ್ಕೆ ಒಪ್ಪಿಸಿದ್ದ ಪೂರ್ತಿ ಟೇಪು ನನ್ನ ಹತ್ರ ಜೋಪಾನವಾಗಿದೆ, ಅದರಲ್ಲೇ ಸರಿಯಾಗಿ ಅಳೆದು ಹೊಲಿ. ಒಂದಿಷ್ಟೂ ಹೆಚ್ಚು ಕಡಿಮೆ ಬೇಡ. ಆದ್ರೂ ಸಾಲಬಾರದು ನೋಡು. ಸಾಲಿತು ಅಂದ್ರೆ, ವರ್ಷದಲ್ಲಿ ನೀನು ಏನು ಪಾಪ ಮಾಡಿದ್ದಕ್ಕೆ ಹಜರತ್ ಬೆಳೆಯೋದು ನಿಲ್ಲಿಸಿದ್ರು ಅಂತ ಜನ ನಿನ್ನನ್ನೇ ಕೇಳ್ತಾರೆ."