ಹುಲಿಗೆಮ್ಮನ ಆಡು ಮತ್ತು ನಮ್ಮ ಮಲ್ಲಿಗೆ

ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ಭತ್ತದ ಚೀಲಗಳ ನಡುವೆ ಬದುಕಿದವನಿಗೆ ಒಂದು ಮಲ್ಲಿಗೆ ಗಿಡ ನೋಡಿಕೊಳ್ಳುವುದು ಯಾವ ಮಹಾ ಕೆಲಸ? ಹಾಗೆಂದು ನಾನು ತಿಳಿದಿದ್ದೆ. ಸಂಕ್ರಾಂತಿ ಮುಗಿಸಿ ಎಂಟು ದಿನಕ್ಕೆಂದು ಎಮ್ಮಿಗನೂರಿನ ತವರಿಗೆ ಹೊರಟ ಹೆಂಡತಿ ಶಾಂತಾ, ನನ್ನನ್ನು ಅಂಗಳದ ಗಿಡದ ಮುಂದೆ ನಿಲ್ಲಿಸಿದಳು.

"ರೀ, ಇದು ನಮ್ಮವ್ವ ಹಚ್ಚಿದ್ದು. ಅಕಿ ಹೋದ ಮ್ಯಾಲೆ ನನಗ ಉಳಿದಿದ್ದು ಇದೊಂದ. ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ."

"ನನಗ ಹೇಳ್ತೀಯೇನು?" ಎಂದೆ. ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಗಾಲ. ಗಿಡದಲ್ಲಿ ಒಂದು ಮೊಗ್ಗೂ ಇರಲಿಲ್ಲ. ಅವಳು ಬರುವಷ್ಟರಲ್ಲಿ ಹೂ ಬಿಡಿಸಿ ಬೆರಗುಗೊಳಿಸಬೇಕೆಂದು ತೀರ್ಮಾನಿಸಿದೆ. ಭತ್ತ ಸೊರಗಿದರೆ ರೈತರು ಏನು ಹಾಕುತ್ತಾರೆ? ಯೂರಿಯಾ! ಎರಡು ಬೊಗಸೆ ತುಂಬ ಬುಡಕ್ಕೆ ಸುರಿದೆ. ಗದ್ದೆಯ ಅಳತೆ ಗಿಡಕ್ಕೆ ತುಸು ಹೆಚ್ಚಾಯಿತೆಂದು ಮೂರನೆಯ ದಿನ ತಿಳಿಯಿತು. ದಿನವಿಡೀ ಬಿಸಿಲು ಬೀಳುವ ಅಂಗಳ ಬೇರೆ. ಎಲೆಗಳೆಲ್ಲ ಸುಟ್ಟ ಹಪ್ಪಳದಂತಾದವು.

ಗಾಬರಿಯಲ್ಲಿ ಕೊಡಗಟ್ಟಲೆ ನೀರು ಸುರಿದೆ. ಬಳಿಕ ಸುಟ್ಟ ಎಲೆ ಕಾಣದಿರಲೆಂದು ಕತ್ತರಿ ಹಿಡಿದೆ. ಎಡಗಡೆ ಕತ್ತರಿಸಿದೆ, ಬಲಗಡೆ ಉದ್ದವಾಯಿತು. ಬಲಗಡೆ ಕತ್ತರಿಸಿದೆ; ಎಡಗಡೆ ಉದ್ದವಾಯಿತು. ಉಭಯ ಪಕ್ಷಗಳಿಗೂ ನ್ಯಾಯ ಒದಗಿಸಿ ಸವರಿ ಮುಗಿಸಿದಾಗ ಎದೆಯೆತ್ತರದ ಗಿಡ ಮೊಣಕಾಲಿಗೆ ಇಳಿದಿತ್ತು. ಒಂದೆಲೆಯೂ ಇಲ್ಲ! ಕಡಿದ ರೆಂಬೆಗಳನ್ನು ಮಿಲ್ಲಿನಲ್ಲಿ ಚೀಲದ ಬಾಯಿ ಕಟ್ಟುವಂತೆ ಸುತಳಿಯಿಂದ ಬಿಗಿದು ಹಿತ್ತಲಿನ ಮೂಲೆಗಿಟ್ಟೆ. ಅಂದು ನನಗೆ ಅನ್ನ ಸೇರಲಿಲ್ಲ. ಅತ್ತೆ ನೆಟ್ಟ ಗಿಡವನ್ನು ಕೈಯಾರೆ ಕೊಂದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಶಾಂತಾ ಬಂದಳು. ನೋಡಿದಳು. ಗಿಡದ ಮುಂದೆ ಕುಸಿದು ಕುಳಿತಳು.

"ಏನಾತ್ರೀ ಇದು?"

ಸರಿಯಾಗಿ ಆಗಲೇ ಪಕ್ಕದ ಮನೆ ಹುಲಿಗೆಮ್ಮನ ಆಡು ಗೇಟಿನ ಮುಂದೆ ಹಾದುಹೋಯಿತು. ದೇವರೇ ಕಳಿಸಿದ್ದು!

"ಆ ಆಡು... ಮೇದುಬಿಡ್ತು," ಎಂದೆ.

ಅವಳು ಹಿತ್ತಲಿಗೆ ಹೋಗಿ ಬಂದಳು. ಆಮೇಲೆ ಹುಲಿಗೆಮ್ಮನ ಮನೆಗೆ ಹೋದಳು. ಮರುದಿನದಿಂದ ಆಡು ಗೂಟಕ್ಕೆ!

"ನಮ್ಮ ಆಡಿಂದ ತಪ್ಪಾತಣ್ಣ. ಇನ್ನ ಹೊರಗ ಬಿಡಂಗಿಲ್ಲ," ಎಂದು ಹುಲಿಗೆಮ್ಮ ಕಂಡಾಗಲೆಲ್ಲ ನಿಟ್ಟುಸಿರು ಬಿಡುವಳು. ಆಡು ನನ್ನನ್ನೇ ದುರುಗುಟ್ಟುವುದು. ಪ್ರಾಯಶ್ಚಿತ್ತಾರ್ಥವಾಗಿ ದಿನವೂ ಮಿಲ್ಲಿನಿಂದ ತೌಡು ತಂದು ತಿನ್ನಿಸತೊಡಗಿದೆ. ಆಡು ದಪ್ಪಗಾಯಿತು, ನಾನು ಸೊರಗಿದೆ.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮೊಂಡು ರೆಂಬೆಯಲ್ಲಿ ಹಸಿರು ಚಿಗುರು ಕಂಡಿತು. ಯುಗಾದಿಗೆ ಮೊಗ್ಗು! ಯಾವ ವರ್ಷವೂ ಬಿಡದಷ್ಟು! ಬೆನ್ನ ಮೇಲಿನ ಕ್ವಿಂಟಲ್ ಚೀಲ ಇಳಿಸಿದಷ್ಟು ಹಗುರವಾದೆ. ಶಾಂತಾ ಮೊಗ್ಗು ಬಿಡಿಸುತ್ತಾ ಕಾಂಪೌಂಡಿನಾಚೆ ಕೂಗಿದಳು.

"ಹುಲಿಗೆಮ್ಮಕ್ಕಾ, ಬರೋ ವರ್ಷನೂ ನಿಮ್ಮ ಆಡು ಬಿಡ್ರಿ. ಭಾಳ ಛಲೋ ಸವರ್ತೈತಿ!"

ನನ್ನ ಕೀರ್ತಿ ಆಡಿನ ಪಾಲಾಗುವುದೇ? ಸಹಿಸಲಾಗಲಿಲ್ಲ.

"ಆಡಲ್ಲ, ಸವರಿದ್ದು ನಾನು!" ಎಂದುಬಿಟ್ಟೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅವತ್ತ ಗೊತ್ತಾತ್ರೀ," ಎಂದಳು ಶಾಂತಾ. "ಆಡು ಮೇದು, ಉಳಿದ ರೆಂಬಿಗಳ್ನ ಸುತಳಿಲೆ ಮಿಲ್ಲಿನ ಗಂಟು ಹಾಕಿ ಕಟ್ಟಿಡ್ತೈತೇನು? ಸಿಟ್ಟು ಭಾಳ ಬಂದಿತ್ತು. ಆದ್ರ ನಮ್ಮವ್ವನೂ ಸಂಕ್ರಾಂತಿ ಆದ ಮ್ಯಾಲೆ ಹಿಂಗ ಸವರ್ತಿದ್ಲು. ಚಿಗುರ್ತೈತಿ ಅಂತ ಗೊತ್ತಿತ್ತು. ಹುಲಿಗೆಮ್ಮಕ್ಕಗ ಹೇಳಿದ್ದೆ, ನಿಮಗ ಹೇಳ್ಲಿಲ್ಲ, ಅಷ್ಟ."

ಗಿಡ ಬದುಕಿತು. ನನಗೆ ಅಷ್ಟೇ ಸಾಕು. ಆದರೆ ಈಗ ಓಣಿಯಲ್ಲಿ ಯಾರ ಮಲ್ಲಿಗೆ ಸವರಬೇಕಾದರೂ ನಮ್ಮ ಗೇಟಿನ ಮುಂದೆ ನಿಂತು ಕೂಗುತ್ತಾರೆ:

"ಶಾಂತಕ್ಕಾ, ಆಡು ಮನ್ಯಾಗ ಐತೇನು?"

ನಾನು ಕತ್ತರಿ ತೆಗೆದುಕೊಂಡು ಹೊರಡುತ್ತೇನೆ.