ಹಿಟ್ಟಿನ ಗಿರಣಿಯ ಸಾಮರ್ಥ್ಯವರ್ಧನೆ

ಮಾರ್ಚ್ ಹನ್ನೊಂದು. ಬಿಸಿಲು ಚುರುಗುಟ್ಟುತ್ತಿತ್ತು, ಗಾಳಿ ಇರಲಿಲ್ಲ, ಕರೆಂಟೂ ಇರಲಿಲ್ಲ. ಹಳ್ಳಿಗಳ ಸಣ್ಣ ಉದ್ಯಮಿಗಳಿಗೆ ಯಾವ ನಿರ್ವಹಣಾ ತರಬೇತಿ ಬೇಕೆಂದು ಕಂಡುಹಿಡಿಯುವ ಅಧಿಕಾರಿ ಅಂದು ಹಿಟ್ಟಿನ ಗಿರಣಿಗೆ ಬಂದರು. ತಾನೊಬ್ಬ ಉದ್ಯಮಿ ಎಂಬುದು ಗಿರಣಿಯವನಿಗೆ ಗೊತ್ತಾದದ್ದೇ ಆಗ.

ನಿಮಗೇನು ಬೇಕು ಎಂದು ಅವರು ಕೇಳಿದರು. ಹಗಲು ಹೊತ್ತು ಕರೆಂಟು ಬೇಕು, ಊರಿನ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದರೆ ಸಾಕು, ಇಲ್ಲದಿದ್ದರೆ ಈ ಗಿರಣಿ ಇನ್ನೊಂದು ವರ್ಷ ಉಳಿಯುವುದಿಲ್ಲ ಎಂದು ಅವನು ಅಂಗಲಾಚಿದ.

"ಅದು ಸೌಕರ್ಯ ಕಣ್ರೀ, ತರಬೇತಿ ಅಲ್ಲ," ಎಂದರು ಅಧಿಕಾರಿ. "ಕರೆಂಟಿಲ್ಲದಾಗ ಏನ್ಮಾಡ್ತೀರಿ?"

"ಸುಮ್ನೆ ಕೂತಿರ್ತೀನಿ ಸಾರ್."

"ನೋಡಿ. ಸಮಯ ನಿರ್ವಹಣೆ ಗೊತ್ತಿಲ್ಲ."

ಸಮಯ ನಿರ್ವಹಣೆಯ ತರಬೇತಿ ಮಂಜೂರಾಯಿತು. ಐವತ್ತು ಜನ ಕೂರುವಂಥ ಜಾಗ ಊರಿನಲ್ಲಿ ಗಿರಣಿಯೊಂದೇ ಆದ್ದರಿಂದ ತರಬೇತಿ ಅಲ್ಲಿಯೇ ನಡೆಯತಕ್ಕದ್ದೆಂದೂ, ಆ ಅವಧಿಯಲ್ಲಿ ಉದ್ಯಮಿಗಳು ಉದ್ಯಮದಲ್ಲಿ ತೊಡಗಿ ಗಮನ ಕೆಡಿಸಿಕೊಳ್ಳತಕ್ಕದ್ದಲ್ಲವೆಂದೂ ಪ್ರಕಟಣೆ ಹೊರಬಿತ್ತು. ಗಿರಣಿ ನಿಂತಿತು. ಕಾಳಿನ ಚೀಲಗಳು ಪಕ್ಕದೂರಿನ ಗಿರಣಿಯ ದಾರಿ ಹಿಡಿದವು. ಇದನ್ನು ಗಂಭೀರವಾಗಿ ಪರಿಗಣಿಸಿದ ಇಲಾಖೆ, ಗಿರಾಕಿಗಳನ್ನು ಉಳಿಸಿಕೊಳ್ಳುವ ತರಬೇತಿಯನ್ನು ತುರ್ತಾಗಿ ಸೇರಿಸಿತು. ಅದಕ್ಕಾಗಿ ಗಿರಣಿ ಇನ್ನಷ್ಟು ದಿನ ಮುಚ್ಚಿತು. ಆದಾಯ ಸೊನ್ನೆಗಿಳಿದ ಮೇಲೆ ನಷ್ಟ ನಿರ್ವಹಣೆ ಬಂತು. ಈ ವಿಷಯದಲ್ಲಿ ನಿಮಗೆ ಒಳ್ಳೆಯ ಹಿಡಿತವಿದೆ ಎಂದು ಬೋಧಕರು ಅವನ ಬೆನ್ನು ತಟ್ಟಿದರು.

ಪಾಠದ ಪ್ರೊಜೆಕ್ಟರಿಗೂ ಬೋಧಕರ ಏಸಿಗೂ ಕರೆಂಟು ಸಾಲದೆಂದು ತಿಳಿದಾಗ, ಹೊಸ ಟ್ರಾನ್ಸ್‌ಫಾರ್ಮರ್ ವಾರದೊಳಗೆ ಬಂತು. ಗಿರಣಿಯವನು ಅದನ್ನು ಕಣ್ತುಂಬ ನೋಡಿ, ಒಳಗೆ ಓಡಿಹೋಗಿ ಮೋಟರಿನ ಸ್ವಿಚ್ ಒತ್ತಿದ. ಸದ್ದಿಗೆ ಪಾಠ ನಿಂತಿತು. ಉದ್ಯಮದಿಂದಾಗಿ ಉದ್ಯಮ ತರಬೇತಿಗೆ ಅಡಚಣೆಯಾಗುತ್ತಿದೆ ಎಂದು ವರದಿ ಹೋಯಿತು. ಮರುದಿನ ಲಾರಿ ಬಂದು ಯಂತ್ರವನ್ನು ಹೊತ್ತೊಯ್ದಿತು. ಆ ಜಾಗದಲ್ಲಿ ಎರಡು ಸಾಲು ಕುರ್ಚಿಗಳು ಸಲೀಸಾಗಿ ಹಿಡಿದವು. ಊರಿನವರು ಬಂದು ನೋಡಿ, ಈಗ ವಿಶಾಲವಾಯಿತು ಎಂದರು.

ಸಂಜೆ ತವರಿನಿಂದ ಬಂದ ಹೆಂಡತಿಗೆ ಅವನು ನಡೆದದ್ದನ್ನೆಲ್ಲ ಸಾವಕಾಶವಾಗಿ ಹೇಳಿದ.

"ಅಷ್ಟು ದೊಡ್ಡ ಮಿಷಿನ್ನು. ಏನು ಕೊಟ್ರು?" ಎಂದು ಅವಳು ಕೇಳಿದಳು.

"ಪ್ರಮಾಣಪತ್ರ. ಯಶಸ್ವಿ ಗಿರಣಿ ಮಾಲೀಕ ಅಂತ ಬರ್ದಿದಾರೆ."

"ಬರೀ ಕಾಗದಾನಾ?"

"ಚೌಕಟ್ಟು ಹಾಕ್ಸಿದಾರೆ ಕಣೇ."

"ಚೌಕಟ್ಟಿಗೆ ದುಡ್ಡು ಯಾರು ಕೊಟ್ಟಿದ್ದು?"

"ನಾವೇ."

ಅವಳು ಮೊಳೆ ಹೊಡೆಯಲು ಗೋಡೆಯಲ್ಲಿ ಜಾಗ ನೋಡಿದಳು.